ಲೈನ್ ಮನೆಯ ಹುಡುಗಿ ಅಸಮಾನತೆಯ ಲೆಕ್ಕ ಹಾಕಬಹುದೇ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು. ಅಪ್ಪ, ಅಮ್ಮ ಇಬ್ಬರೂ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ನಾವು ಇರುವುದು ತೋಟದ ಲೈನ್ ಮನೆಯಲ್ಲೇ, ಅಂದರೆ ಕೆಲಸಗಾರರಿಗೆ ತೋಟದವರು ಕೊಟ್ಟ ಸಾಲುಮನೆಯಲ್ಲಿ. ಈಗ ಸಮಾಜಶಾಸ್ತ್ರದಲ್ಲಿ ಎಂ.ಎ. ಮೊದಲ ವರ್ಷ ಓದುತ್ತಿದ್ದೇನೆ. ಅಸಮಾನತೆ ಬಗ್ಗೆ ಅಂಕಿ ಅಂಶ ಇಟ್ಟುಕೊಂಡು ಸಂಶೋಧನೆ ಮಾಡಬೇಕು ಅಂತ ಆಸೆ. ಆದರೆ ಪಿಯುಸಿಯಲ್ಲಿ ಕಲಾ ವಿಭಾಗ ತಗೊಂಡವಳು, ಲೆಕ್ಕ ಅಂದರೆ ಭಯ. 'ಬಡತನ ಕಣ್ಣಿಗೇ ಕಾಣುತ್ತೆ ಅಲ್ವಾ, ಅದನ್ನೇನು ಎಣಿಸೋದು' ಅಂತ ಸ್ನೇಹಿತೆಯರು ಕೇಳುತ್ತಾರೆ. ನೀವು ಈ ದಾರಿಗೆ ಹೇಗೆ ಬಂದಿರಿ? ನನ್ನಂಥವಳಿಗೆ ಇದರಲ್ಲಿ ಬದುಕು ಇದೆಯಾ? ನಮ್ಮವರ ಬಗ್ಗೆ ನಾನೇ ಸಂಶೋಧನೆ ಮಾಡಿದರೆ ಒಪ್ಪುತ್ತಾರಾ?

ಉತ್ತರ: ಮೊದಲು ನಿಮ್ಮ ಸ್ನೇಹಿತೆಯರ ಮಾತು ತೆಗೆದುಕೊಳ್ಳೋಣ. ಬಡತನ ಕಣ್ಣಿಗೆ ಕಾಣುತ್ತದೆ, ನಿಜ. ಸೋರುವ ಸೂರು, ಖಾಲಿ ಡಬ್ಬಿ, ಅರ್ಧಕ್ಕೆ ಶಾಲೆ ಬಿಟ್ಟ ಹುಡುಗ, ಎಲ್ಲಾ ಕಾಣುತ್ತದೆ. ಅಸಮಾನತೆ ಹಾಗಲ್ಲ. ಒಂದು ಮನೆಯೊಳಗೆ ನಿಂತು ನೋಡಿದರೆ ಅದು ಕಾಣುವುದೇ ಇಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ಎಷ್ಟು ಅಂತರ ಇದೆ ಅನ್ನುವುದು ಅಸಮಾನತೆ. ಅಂತರ ಅಂದ ಮೇಲೆ ಅಳೆಯಲೇಬೇಕು. ನಿಮ್ಮ ಅಪ್ಪನ ಕಾಲಕ್ಕೂ ನಿಮ್ಮ ಕಾಲಕ್ಕೂ ಆ ಅಂತರ ಕಡಿಮೆ ಆಯಿತಾ, ಜಾಸ್ತಿ ಆಯಿತಾ? ಗಂಡುಮಕ್ಕಳಿಗೆ ಕಡಿಮೆಯಾಗಿ ಹೆಣ್ಣುಮಕ್ಕಳಿಗೆ ಹಾಗೇ ಉಳಿಯಿತಾ? ನೀವು ಕಣ್ಣಂದಾಜಿನಲ್ಲಿ ಒಂದು ಹೇಳಿದರೆ, ಎದುರಿನವರು ಅವರ ಕಣ್ಣಂದಾಜಿನಲ್ಲಿ ಇನ್ನೊಂದು ಹೇಳುತ್ತಾರೆ. 'ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಬಡವರು ಎಲ್ಲಿದ್ದಾರೆ' ಅನ್ನುವವರಿಗೆ ಉತ್ತರ ಕೊಡಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು.

2011ರ ಜನಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯ ಪುಟ ತೆಗೆದು ನೋಡಿ. ಜನಸಂಖ್ಯೆ ಸುಮಾರು 17.76 ಲಕ್ಷ. ಸಾಕ್ಷರತೆ ಶೇ 76. ಪರವಾಗಿಲ್ಲ ಅನಿಸುತ್ತದೆ. ಅದನ್ನೇ ಬಿಡಿಸಿದರೆ ಗಂಡಸರಲ್ಲಿ ಸುಮಾರು ಶೇ 84, ಹೆಂಗಸರಲ್ಲಿ ಸುಮಾರು ಶೇ 69. ಒಂದೇ ಊರು, ಒಂದೇ ಮನೆ, ಒಂದೇ ಒಲೆಯ ಊಟ. ನಡುವೆ ಹದಿನೈದರ ಅಂತರ. ಇದೇ ಜಿಲ್ಲೆಯಲ್ಲಿ ಆಗ ಸಾವಿರ ಗಂಡಸರಿಗೆ 1,010 ಹೆಂಗಸರಿದ್ದರು. ನಿಮ್ಮ ಚಿಕ್ಕಮಗಳೂರಿನಲ್ಲಿ 1,008. ಇದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ಆದರೆ ದುಡಿಯುವ ವಯಸ್ಸಿನ ಗಂಡಸರು ಊರು ಬಿಟ್ಟು ಬೆಂಗಳೂರು ಸೇರಿದರೂ ಈ ಅಂಕಿ ಏರುತ್ತದೆ. ಹಾಗಾಗಿ ಒಂದು ಅಂಕಿ ಕೈಗೆ ಸಿಕ್ಕ ತಕ್ಷಣ ಖುಷಿಪಡುವುದೂ ಬೇಡ, ಬೇಜಾರಾಗುವುದೂ ಬೇಡ. ಅದನ್ನು ಬಿಡಿಸಿ ನೋಡಬೇಕು. ನಮ್ಮ ಕೆಲಸ ಅಂದರೆ ಈ ಬಿಡಿಸುವ ಕೆಲಸವೇ.

ಲೆಕ್ಕದ ಭಯ ಅಂದಿರಲ್ಲ, ಒಂದು ಲೆಕ್ಕ ಇಲ್ಲೇ ಮಾಡೋಣ. ಒಂದು ಊರಲ್ಲಿ ಹತ್ತು ಮನೆ ಅಂದುಕೊಳ್ಳಿ. ಒಂಬತ್ತು ಮನೆಗೆ ಒಂದೊಂದು ಎಕರೆ. ಹತ್ತನೆಯದು ತೋಟದ ಸಾಹುಕಾರರ ಮನೆ, 91 ಎಕರೆ. ಒಟ್ಟು 100 ಎಕರೆ. ಸರಾಸರಿ ತೆಗೆದರೆ ಮನೆಗೆ 10 ಎಕರೆ! ಆ ಊರಲ್ಲಿ ಹತ್ತು ಎಕರೆ ಇರುವ ಮನೆ ಒಂದೂ ಇಲ್ಲ. ಹಾಗಾಗಿ ನಾವು ಬೇರೆ ಅಳತೆ ಹಿಡಿಯುತ್ತೇವೆ. ಇಟಲಿಯ ಕೊರಾಡೊ ಜಿನಿ ಅನ್ನುವವರು 1912ರಲ್ಲಿ ಕೊಟ್ಟ ಅಳತೆ ಒಂದಿದೆ. ಎಲ್ಲರಿಗೂ ಸಮ ಇದ್ದರೆ ಅದು ಸೊನ್ನೆ. ಎಲ್ಲವೂ ಒಬ್ಬರ ಕೈಯಲ್ಲೇ ಇದ್ದರೆ ಒಂದರ ಹತ್ತಿರ. ನಮ್ಮ ಈ ಊರಿನ ಜಿನಿ 0.81 ಬರುತ್ತದೆ. ಕೂಡುವುದು, ಗುಣಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು, ನೀವೇ ಕಾಗದದ ಮೇಲೆ ಹಾಕಬಹುದು.

ಈಗ ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ಈ ಲೆಕ್ಕದಲ್ಲಿ ನಿಮ್ಮ ಮನೆ ಎಲ್ಲಿದೆ? ಇಲ್ಲ. ಯಾಕಂದರೆ ನಾನು ಪಹಣಿಯಲ್ಲಿ ಹೆಸರಿರುವವರನ್ನು ಮಾತ್ರ ಎಣಿಸಿದೆ. ಲೈನ್ ಮನೆಯವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಸರ್ಕಾರದ ಕೃಷಿ ಗಣತಿಯೂ ಸಾಗುವಳಿ ಮಾಡುವ ಹಿಡುವಳಿಗಳನ್ನೇ ಎಣಿಸುತ್ತದೆ, ಜಮೀನೇ ಇಲ್ಲದವರು ಅದರೊಳಗೆ ಬರುವುದಿಲ್ಲ. ಅದೇ ಊರಿಗೆ ಜಮೀನಿಲ್ಲದ ಐದು ಮನೆ ಸೇರಿಸಿ ಮತ್ತೆ ಲೆಕ್ಕ ಹಾಕಿ. ಜಿನಿ 0.87ಕ್ಕೆ ಏರುತ್ತದೆ. ಊರಲ್ಲಿ ಒಂದು ಕಲ್ಲೂ ಅಲುಗಿಲ್ಲ, ಯಾರನ್ನು ಎಣಿಸಿದೆವು ಅನ್ನುವುದಷ್ಟೇ ಬದಲಾಯಿತು. ಅಸಮಾನತೆಯ ಸಂಶೋಧನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಅಂತ ನನ್ನ ನಂಬಿಕೆ. ಸೂತ್ರವನ್ನು ಯಾರು ಬೇಕಾದರೂ ಕಲಿಯಬಹುದು. ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಅನ್ನುವುದು ನಿಮ್ಮಂಥವರಿಗೆ ಬೇಗ ಹೊಳೆಯುತ್ತದೆ.

ಮೇಲಿನ ತುದಿಯಲ್ಲೂ ಜನ ತಪ್ಪಿಸಿಕೊಳ್ಳುತ್ತಾರೆ. ಸಮೀಕ್ಷೆಗೆ ಹೋದರೆ ಲೈನಿನಲ್ಲಿ ಕರೆದು ಕೂರಿಸಿ ಕಾಫಿ ಕೊಟ್ಟು ಮಾತಾಡುತ್ತಾರೆ. ಎಸ್ಟೇಟ್ ಬಂಗಲೆಯ ಗೇಟಿನಲ್ಲಿ ವಾಚ್‌ಮನ್ ಇರುತ್ತಾನೆ. 'ಸಾರ್ ಬೆಂಗಳೂರಿಗೆ ಹೋಗಿದ್ದಾರೆ' ಅನ್ನುತ್ತಾನೆ. ಹಾಗಾಗಿ ಬರೀ ಮನೆ ಮನೆ ಸಮೀಕ್ಷೆಯಿಂದ ಬರುವ ಅಸಮಾನತೆಯ ಅಂಕಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಇದು ಇಡೀ ಪ್ರಪಂಚದಲ್ಲಿ ಈ ಕೆಲಸ ಮಾಡುವವರ ತಲೆನೋವು. ಅದಕ್ಕೇ ಆದಾಯ ತೆರಿಗೆಯ ಲೆಕ್ಕವನ್ನೂ ಜೊತೆಗೆ ಇಟ್ಟು ನೋಡುತ್ತಾರೆ. ಆದರೆ ನಮ್ಮಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಾಫಿ ಸೀಮೆಯಲ್ಲಿ ಮೇಲಿನ ತುದಿಯನ್ನು ಅಳೆಯುವುದು ಯಾಕೆ ಇಷ್ಟು ಕಷ್ಟ ಅಂತ ಈಗ ಅರ್ಥವಾಗಿರಬೇಕು. 1974ರ ಭೂ ಸುಧಾರಣೆ ತಿದ್ದುಪಡಿ ಗೇಣಿದಾರರಿಗೆ ಜಮೀನು ಕೊಡಿಸಿತು. ಆದರೆ ಒಬ್ಬರು ಎಷ್ಟು ಜಮೀನು ಇಟ್ಟುಕೊಳ್ಳಬಹುದು ಅನ್ನುವ ಮಿತಿಯಿಂದ ಪ್ಲಾಂಟೇಷನ್ ಜಮೀನಿಗೆ ವಿನಾಯಿತಿ ಇತ್ತು. ಗದ್ದೆ ಸೀಮೆಯ ಅಸಮಾನತೆಯೂ ತೋಟದ ಸೀಮೆಯ ಅಸಮಾನತೆಯೂ ಬೇರೆ ಬೇರೆ ದಾರಿ ಹಿಡಿದದ್ದರ ಹಿಂದೆ ಇದೂ ಒಂದು ಕಾರಣ.

ನಾನು ಈ ದಾರಿಗೆ ಹೇಗೆ ಬಂದೆ ಅಂತ ಕೇಳಿದ್ದೀರಿ. ನಾನು ಅರಸೀಕೆರೆ ಕಡೆಯವಳು. ರಾಗಿ, ತೆಂಗಿನ ಸೀಮೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿದೆ. ಅಲ್ಲಿ ಓದಿದ್ದೆಲ್ಲ ಊರೊಳಗೆ ಇದ್ದು ನೋಡಿ ಬರೆಯುವ ಪರಂಪರೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಮಾಡಿದ ಅಧ್ಯಯನ ನಮಗೆಲ್ಲ ದೊಡ್ಡ ಆದರ್ಶವಾಗಿತ್ತು. ಈಗಲೂ ಹೌದು. ಅಂಕಿ ಅಂಶ ಅಂದರೆ ಅರ್ಥಶಾಸ್ತ್ರದವರ ಕೆಲಸ ಅನ್ನುವ ಭಾವನೆ ಸುತ್ತ ಇತ್ತು. ಆದರೆ ಶ್ರೀನಿವಾಸ್ ಅವರ 'ಪ್ರಬಲ ಜಾತಿ' ಅನ್ನುವ ಕಲ್ಪನೆಯನ್ನೇ ನೋಡಿ. ಊರಲ್ಲಿ ಆ ಜಾತಿಯವರ ಸಂಖ್ಯೆ ಎಷ್ಟು, ಜಮೀನು ಎಷ್ಟು, ಅಧಿಕಾರ ಎಷ್ಟು ಅನ್ನುವುದೇ ಅದರ ತಿರುಳು. ಒಳಗೆ ಎಣಿಕೆ ಕೂತೇ ಇದೆ.

ನನ್ನನ್ನು ಎಣಿಕೆಗೆ ಎಳೆದದ್ದು ಒಂದು ಹಾಜರಿ ಪುಸ್ತಕ. ಮಕ್ಕಳು ಶಾಲೆ ಬಿಡುವುದರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೆ. ಸಕಲೇಶಪುರದ ಕಡೆ ಒಂದು ಪ್ರಾಥಮಿಕ ಶಾಲೆಗೆ ಹೋಗಿದ್ದೆ. 'ಲೈನ್ ಮಕ್ಕಳಿಗೆ ಓದು ಹತ್ತಲ್ಲ ಮೇಡಂ, ಅಪ್ಪ ಅಮ್ಮನಿಗೇ ಆಸಕ್ತಿ ಇಲ್ಲ' ಅಂದರು ಅಲ್ಲಿಯ ಶಿಕ್ಷಕರು. ಎಲ್ಲಾ ಕಡೆ ಕೇಳಿ ಕೇಳಿ ಸಾಕಾಗಿದ್ದ ಮಾತು. ಹಾಜರಿ ಪುಸ್ತಕ ಕೊಡಿ ಅಂತ ಕೇಳಿ ಬೆಂಚಿನ ಮೇಲೆ ಕೂತು ಒಂದೊಂದೇ ಹೆಸರಿನ ಮುಂದೆ ಎಷ್ಟು ಗೈರು ಅಂತ ತಿಂಗಳಿಗೆ ತಿಂಗಳು ಬರೆದುಕೊಂಡೆ. ಜೂನ್, ಜುಲೈನಲ್ಲಿ ಲೈನ್ ಮಕ್ಕಳು ಉಳಿದವರಷ್ಟೇ ಬರುತ್ತಿದ್ದರು. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಸಾಲು ಸಾಲು ಗೈರು. ಅದರಲ್ಲೂ ಎಲ್ಲರೂ ಅಲ್ಲ. ಮನೆಗೆ ಹಿರಿಯ ಮಗಳಾದವಳೇ ಜಾಸ್ತಿ. ಮನೆಗೆ ಹೋಗಿ ಕೇಳಿದರೆ ವಿಷಯ ಗೊತ್ತಾಯಿತು. ಕೊಯ್ಲಿನಲ್ಲಿ ಕೂಲಿ ಕೆ.ಜಿ. ಲೆಕ್ಕದಲ್ಲಿ ಬರುತ್ತದೆ. ಅಮ್ಮ ಎಷ್ಟು ಕೊಯ್ದರೆ ಅಷ್ಟು ದುಡ್ಡು. ಕೈಗೂಸನ್ನು ಯಾರಾದರೂ ಹಿಡಿದುಕೊಳ್ಳಬೇಕಲ್ಲ, ಅಕ್ಕ ಶಾಲೆ ಬಿಡುತ್ತಾಳೆ. ಅಪ್ಪ ಅಮ್ಮನಿಗೆ ಆಸಕ್ತಿ ಇಲ್ಲ ಅನ್ನುವ ಮಾತನ್ನು ಆ ಪುಸ್ತಕ ನನ್ನ ಕಣ್ಣೆದುರೇ ಸುಳ್ಳು ಮಾಡಿತು. ಅದು ಯಾವುದೋ ದೊಡ್ಡ ಸಂಖ್ಯಾಶಾಸ್ತ್ರ ಆಗಿರಲಿಲ್ಲ. ಗೈರಿನ ದಿನಗಳನ್ನು ತಿಂಗಳ ಪ್ರಕಾರ, ಮನೆಯಲ್ಲಿ ಎಷ್ಟನೇ ಮಗು ಅನ್ನುವ ಪ್ರಕಾರ ಜೋಡಿಸಿದ್ದು, ಅಷ್ಟೇ. ಅವತ್ತಿನಿಂದ ಇವತ್ತಿನವರೆಗೂ ನಾನು ಮಾಡಿದ್ದು ಇದೇ ಕೆಲಸ. ಸಾಮಾನು ದೊಡ್ಡದಾಯಿತು, ಕಂಪ್ಯೂಟರ್ ಬಂತು. ಕೆಲಸ ಅದೇ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅಂಕಿ ಹುಟ್ಟುವುದು ಕಂಪ್ಯೂಟರಿನಲ್ಲಲ್ಲ, ಬಾಗಿಲಲ್ಲಿ. ಬಾಗಿಲಲ್ಲಿ ಕೇಳಿದ ಪ್ರಶ್ನೆ ಕೆಟ್ಟದ್ದಾದರೆ ಆಮೇಲೆ ಯಾವ ಸೂತ್ರವೂ ಅದನ್ನು ರಿಪೇರಿ ಮಾಡುವುದಿಲ್ಲ. ಅರಕಲಗೂಡಿನ ಕಡೆ ಯಾವ ಹಳ್ಳಿಗಾದರೂ ಹೋಗಿ ಒಬ್ಬ ಹೆಂಗಸನ್ನು 'ನೀವೇನು ಕೆಲಸ ಮಾಡ್ತೀರಿ' ಅಂತ ಕೇಳಿ. 'ಏನಿಲ್ಲ, ಸುಮ್ನೆ ಮನೇಲಿದ್ದೀನಿ' ಅನ್ನುತ್ತಾರೆ. ಹಿಂದುಗಡೆ ಕೊಟ್ಟಿಗೆಯಲ್ಲಿ ಎರಡು ಹಸು ಇರುತ್ತವೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿದವರು ಅವರೇ. ಹುಲ್ಲು ತಂದವರು ಅವರೇ. ದೇಶದ ಉದ್ಯೋಗ ಸಮೀಕ್ಷೆಯಲ್ಲಿ ಒಬ್ಬೊಬ್ಬರ ಕೆಲಸಕ್ಕೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಬರೀ ಮನೆಗೆಲಸ ಅಂದರೆ 92. ಮನೆಯ ದುಡಿಮೆಯಲ್ಲಿ ಕೂಲಿಯಿಲ್ಲದೆ ಕೈಜೋಡಿಸುವವರು ಅಂದರೆ 21. 92 ಅಂತ ಬರೆದರೆ ಆಕೆ ದುಡಿಯುವವರ ಲೆಕ್ಕಕ್ಕೇ ಬರುವುದಿಲ್ಲ. 21 ಅಂತ ಬರೆದರೆ ಬರುತ್ತಾರೆ. ಎರಡಕ್ಕೂ ನಡುವೆ ಇರುವುದು 'ಹಾಲು ಯಾರು ಕರೆಯೋದು?' ಅನ್ನುವ ಒಂದು ಪ್ರಶ್ನೆ. 2019ರಲ್ಲಿ ದೇಶದಾದ್ಯಂತ ಮೊದಲ ಸಲ ಸಮಯ ಬಳಕೆಯ ಸಮೀಕ್ಷೆ ಆಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಅದರಲ್ಲಿ ಬಂತು. 'ಸುಮ್ನೆ ಮನೇಲಿದ್ದೀನಿ' ಅನ್ನುವ ಮಾತಿನೊಳಗೆ ಇರುವುದು ಆ ಐದು ಗಂಟೆ.

ಆದಾಯ ಕೇಳುವುದಂತೂ ಇನ್ನೂ ಸೂಕ್ಷ್ಮ. ತಿಂಗಳಿಗೆ ಎಷ್ಟು ಬರುತ್ತೆ ಅಂತ ಕೇಳಿದರೆ ಕೂಲಿಯವರು ಏನೋ ಒಂದು ಹೇಳಿ ಕಳಿಸುತ್ತಾರೆ. ಹೋದ ವಾರ ಎಷ್ಟು ದಿನ ಕೆಲಸ ಇತ್ತು, ದಿನಕ್ಕೆ ಎಷ್ಟು ಕೊಟ್ಟರು, ಅಡ್ವಾನ್ಸ್ ಹಿಡಿದುಕೊಂಡರಾ ಅಂತ ಬಿಡಿಬಿಡಿಯಾಗಿ ಕೇಳಿದರೆ ನಿಜವಾದ ಉತ್ತರ ಬರುತ್ತದೆ. ಕೇಳುವಾಗ ತೋಟದ ಲೆಕ್ಕ ಬರೆಯುವ ರೈಟರೋ ಮೇಸ್ತ್ರಿಯೋ ಪಕ್ಕದಲ್ಲಿ ನಿಂತಿದ್ದರೆ ಆ ಫಾರಂ ಹರಿದು ಹಾಕಿ ಇನ್ನೊಂದು ದಿನ ಬನ್ನಿ. ಇದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವೇ ಅಲ್ಲ, ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಅನ್ನುವುದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ಕೊಡುವ ಉದಾಹರಣೆ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯದು. ದೆಹಲಿಯ ಎನ್‌ಸಿಎಇಆರ್ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ 2004-05ರಲ್ಲಿ ಒಮ್ಮೆ, 2011-12ರಲ್ಲಿ ಇನ್ನೊಮ್ಮೆ ಮಾಡಿದ್ದು. ಎರಡನೇ ಸಲ 42,152 ಮನೆಗಳಿಗೆ ಹೋದರು. ಅಸ್ಪೃಶ್ಯತೆಯ ಬಗ್ಗೆ ಕೇಳಬೇಕಿತ್ತು. ಕಾನೂನಿನಲ್ಲಿ ಅದು ಅಪರಾಧ. 'ಮಾಡ್ತೀರಾ' ಅಂದರೆ ಯಾರು ಹೌದು ಅಂತಾರೆ? ಅವರು ಮೊದಲು ನೇರವಾಗಿಯೇ ಕೇಳಿದರು. ಇಲ್ಲ ಅಂದವರಿಗೆ ಇನ್ನೊಂದು ಪ್ರಶ್ನೆ ಇಟ್ಟರು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಯೊಳಗೆ ಬಂದರೆ, ನಿಮ್ಮ ಪಾತ್ರೆ ಮುಟ್ಟಿದರೆ ಏನಾದರೂ ತೊಂದರೆ ಇದೆಯೇ? ಎರಡೂ ಸೇರಿಸಿದಾಗ ಶೇ 27ರಷ್ಟು ಮನೆಗಳು ಒಂದಲ್ಲ ಒಂದು ರೀತಿಯಲ್ಲಿ ಒಪ್ಪಿಕೊಂಡವು. ನೆನಪಿಡಿ, ಇದು ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ. ಅಡುಗೆಮನೆ, ಪಾತ್ರೆ ಅನ್ನುವ ಎರಡು ಪದ ಆ ಪ್ರಶ್ನೆಯನ್ನು ನಿಜವಾದ ಬದುಕಿನ ಹತ್ತಿರ ತಂದವು. ಆ ಸಮೀಕ್ಷೆಯ ದತ್ತಾಂಶ ಪೂರ್ತಿ ಉಚಿತವಾಗಿ ಸಿಗುತ್ತದೆ. ಮನೆಯಲ್ಲೇ ಕೂತು ಡೌನ್‌ಲೋಡ್ ಮಾಡಿಕೊಳ್ಳಬಹುದು.

ಹಾಗಾದರೆ ಇರುವ ದತ್ತಾಂಶದಲ್ಲೇ ಎಲ್ಲಾ ಮಾಡಬಹುದಲ್ಲ, ಮಳೆಯಲ್ಲಿ ನೆನೆದುಕೊಂಡು ಜಿಗಣೆ ಕಚ್ಚಿಸಿಕೊಂಡು ಓಡಾಡುವುದು ಯಾಕೆ ಅಂತ ಅನಿಸಬಹುದು. ಕಾರಣ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019-21ರಲ್ಲಿ ನಡೆಯಿತು. ಸುಮಾರು 6.36 ಲಕ್ಷ ಮನೆ, 707 ಜಿಲ್ಲೆ. ಕೇಳಲು ದೊಡ್ಡದು. ಆದರೆ ಭಾಗಿಸಿ ನೋಡಿ, ಜಿಲ್ಲೆಗೆ 900 ಮನೆ ಬರುತ್ತದೆ. ಹಾಸನದಲ್ಲಿ 8 ತಾಲ್ಲೂಕು. ತಾಲ್ಲೂಕಿಗೆ ನೂರು ಚಿಲ್ಲರೆ ಮನೆ. ಅದರಲ್ಲಿ ಪರಿಶಿಷ್ಟ ಜಾತಿಯವರು ಎಷ್ಟು, ಅವರಲ್ಲಿ ತೋಟದ ಕೂಲಿಯವರು ಎಷ್ಟು ಅಂತ ಹೋದರೆ ಬೆರಳೆಣಿಕೆ ಉಳಿಯುತ್ತದೆ. ಅಷ್ಟು ಕಡಿಮೆ ಮನೆ ಇಟ್ಟುಕೊಂಡು ಏನೂ ಹೇಳುವಂತಿಲ್ಲ. ಇನ್ನೊಂದು ತೊಡಕು, ದೇಶದ ಸಮೀಕ್ಷೆಗಳಲ್ಲಿ ಜಾತಿ ಅಂದರೆ ಸಾಮಾನ್ಯವಾಗಿ ನಾಲ್ಕೇ ಗುಂಪು: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಒಬಿಸಿ, ಇತರರು. ನಮ್ಮ ರಾಜ್ಯದಲ್ಲೋ ಹಿಂದುಳಿದವರಲ್ಲೇ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಅಂತ ಐದು ವಿಂಗಡಣೆ. ಇವರನ್ನೆಲ್ಲ ಒಬಿಸಿ ಅನ್ನುವ ಒಂದೇ ಹೆಸರಿನಡಿ ಇಟ್ಟರೆ ನಮ್ಮೂರಿನ ಅಸಮಾನತೆಯ ಅರ್ಧ ಭಾಗ ಕಣ್ಮರೆ ಆಗುತ್ತದೆ.

ಯಾರು ಹಿಂದುಳಿದವರು ಅಂತ ಗುರುತಿಸುವ ಈ ಎಣಿಕೆಗೆ ನಮ್ಮ ರಾಜ್ಯದಲ್ಲಿ ನೂರು ವರ್ಷಕ್ಕೂ ಹಳೆಯ ಚರಿತ್ರೆ ಇದೆ ಅನ್ನುವುದನ್ನೂ ತಿಳಿದುಕೊಳ್ಳಿ. ಮೈಸೂರು ಸಂಸ್ಥಾನದಲ್ಲಿ 1918ರಲ್ಲೇ ಮಿಲ್ಲರ್ ಸಮಿತಿ, 1972ರಲ್ಲಿ ಹಾವನೂರು ಆಯೋಗ, 2015ರ ಮನೆ ಮನೆ ಸಮೀಕ್ಷೆ. ತಾಲ್ಲೂಕುಗಳ ನಡುವಿನ ಅಂತರ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳ ನಡುವಿನ ಒಳಮೀಸಲಾತಿಗೆ ಒಪ್ಪಿದಾಗಲೂ ಅದಕ್ಕೆ ದತ್ತಾಂಶದ ಆಧಾರ ಬೇಕು ಅಂತ ಹೇಳಿತು. ಅಂದರೆ ಯಾರಿಗೆ ಎಷ್ಟು ಸಿಗಬೇಕು ಅನ್ನುವ ತೀರ್ಮಾನ ಕೊನೆಗೆ ಇಂಥ ಕೋಷ್ಟಕಗಳ ಮೇಲೇ ನಿಲ್ಲುತ್ತದೆ. ಆ ಕೋಷ್ಟಕ ತಯಾರಿಸುವ ಕೋಣೆಯಲ್ಲಿ ಲೈನ್ ಮನೆ ಬಲ್ಲವರು ಒಬ್ಬರಾದರೂ ಇರಬೇಕು ಅಂತ ನಾನು ಮನಸಾರೆ ಬಯಸುತ್ತೇನೆ.

ಸಮೀಕ್ಷೆಗೆ ಮಾದರಿ ಮನೆಗಳನ್ನು ಆರಿಸುವ ಬಗ್ಗೆ ಒಂದು ಮಾತು. ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಚುಕಿದರೆ ಸಾಕು ಅಂತಾರೆ. ಒಂದೇ ಪಾತ್ರೆಯಾದರೆ ಸರಿ. ನಮ್ಮ ಊರು ಒಂದೇ ಪಾತ್ರೆಯಲ್ಲಿ ಬೇಯುವುದಿಲ್ಲ. ಊರೊಳಗೆ ಬೇರೆ, ಕಾಲೊನಿಯಲ್ಲಿ ಬೇರೆ, ಲೈನಿನಲ್ಲಿ ಬೇರೆ. ರಸ್ತೆ ಪಕ್ಕದ ಮನೆಗಳನ್ನೇ ಮುಗಿಸಿಕೊಂಡು ಬಂದರೆ ಒಂದು ಪಾತ್ರೆಯ ಅಗುಳು ಮಾತ್ರ ನೋಡಿದ ಹಾಗೆ. ಈಗಂತೂ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೆಲಸಗಾರರೂ ಲೈನ್‌ಗಳಲ್ಲಿದ್ದಾರೆ. ಪ್ರತಿ ಜಾಗದಿಂದಲೂ ಬೇರೆ ಬೇರೆಯಾಗಿ ಮನೆ ಆರಿಸಬೇಕು.

ಇನ್ನು ರಿಗ್ರೆಷನ್. ಈ ಹೆಸರು ಕೇಳಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. ವಿಷಯ ಸರಳ. ಎರಡು ಜಾತಿಯವರ ಕೂಲಿಯಲ್ಲಿ ಅಂತರ ಇದೆ ಅನ್ನಿ. ಅದು ಓದಿನ ವ್ಯತ್ಯಾಸದಿಂದ ಅಂತ ಯಾರೋ ಹೇಳುತ್ತಾರೆ. ಸರಿ, ಒಂದೇ ಮಟ್ಟ ಓದಿದವರನ್ನು ಮಾತ್ರ ಹೋಲಿಸೋಣ. ಜಮೀನಿನಿಂದ ಅಂತಾರೆ. ಜಮೀನೂ ಒಂದೇ ಇರುವವರನ್ನು ಹೋಲಿಸೋಣ. ಹೀಗೆ ಹಲವು ವಿಷಯಗಳನ್ನು ಒಟ್ಟಿಗೇ ಸಮ ಮಾಡಿಕೊಂಡು ಉಳಿದ ಅಂತರ ಎಷ್ಟು ಅಂತ ನೋಡುವ ಉಪಾಯ ಅದು. ಸೂತ್ರವನ್ನು ಕಂಪ್ಯೂಟರ್ ಬಿಡಿಸುತ್ತದೆ. ನಾವು ಯೋಚಿಸಬೇಕಾದ್ದು ಬೇರೆ. ಓದು, ಜಮೀನು, ಇಂಗ್ಲಿಷು, ಅಪ್ಪನ ಕೆಲಸ ಎಲ್ಲವನ್ನೂ ಸಮ ಮಾಡಿ, ಕೊನೆಗೆ ಉಳಿದದ್ದು ತುಂಬಾ ಸಣ್ಣದು, ಆದ್ದರಿಂದ ಜಾತಿಯ ಪ್ರಭಾವ ಈಗ ಅಷ್ಟಿಲ್ಲ ಅಂತ ಬರೆಯುವವರಿದ್ದಾರೆ. ಇದು ತಪ್ಪು ದಾರಿ. ಒಂದು ಮನೆಗೆ ಜಮೀನು ಯಾಕಿಲ್ಲ? ಓದು ಯಾಕೆ ಹತ್ತನೇ ತರಗತಿಗೆ ನಿಂತಿತು? ಜಾತಿ ಕೆಲಸ ಮಾಡಿದ್ದು ಆ ದಾರಿಗಳಲ್ಲೇ ಅಲ್ವಾ? ಆ ದಾರಿಗಳನ್ನೆಲ್ಲ ಮುಚ್ಚಿಟ್ಟು ಜಾತಿ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಾದರೂ ಹೇಗೆ? ಯಾವುದನ್ನು ಸಮ ಮಾಡಬೇಕು, ಯಾವುದನ್ನು ಮಾಡಬಾರದು ಅನ್ನುವುದನ್ನು ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಊರು ಬಲ್ಲವರು ಹೇಳಬೇಕು. ಸಮಾಜಶಾಸ್ತ್ರ ಓದಿದವರು ಈ ಕೆಲಸಕ್ಕೆ ಬೇಕಾಗಿರುವುದು ಅದಕ್ಕೇ.

ಎಲ್ಲಾ ಸಮ ಇದ್ದಾಗಲೂ ಭೇದ ನಡೆಯುತ್ತದೆಯೇ ಅಂತ ತೋರಿಸಲು ಬೇರೆ ಉಪಾಯವೂ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅನ್ನುವವರು ಪತ್ರಿಕೆಯಲ್ಲಿ ಬಂದ ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ ಅರ್ಜಿ ಕಳಿಸಿದರು. ಓದು, ಅನುಭವ ಒಂದೇ ತೂಕದ್ದು. ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ, ಮುಸ್ಲಿಂ ಹೆಸರಿನ ಅರ್ಜಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. 2007ರಲ್ಲಿ ಇದು ಪ್ರಕಟವಾಯಿತು. ಇಷ್ಟು ಸರಳವಾದ ಯೋಚನೆ, ಇಷ್ಟು ಗಟ್ಟಿಯಾದ ಸಾಕ್ಷಿ. ನನಗೆ ಬಹಳ ಇಷ್ಟವಾದ ಅಧ್ಯಯನಗಳಲ್ಲಿ ಇದೊಂದು.

ನಿಮಗೆ ಇನ್ನೂ ಹತ್ತಿರದ್ದು ಬೇಕಾದರೆ ಮಂಡ್ಯದ ಕಡೆ ನೋಡಿ. ಅರ್ಥಶಾಸ್ತ್ರ ಓದಿ ಬಂದ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದ ನಡುವಿನಲ್ಲಿ ಅಲ್ಲಿನ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ಮನೆಮನೆಯ ಖರ್ಚು ವೆಚ್ಚ, ದುಡಿಮೆ ಎಲ್ಲಾ ಲೆಕ್ಕ ಹಾಕಿದರು. ನೀರು ಬಂದ ಊರಲ್ಲಿ ದುಡ್ಡು ಬಂತು, ಆದರೆ ಒಡೆಯ-ಆಳಿನ ಹಳೆಯ ಸಂಬಂಧಗಳು ಹಾಗೇ ಉಳಿದವು. ನೀರಿಲ್ಲದ ಊರಿನವರು ಹೊರಗಡೆ ಬೇರೆ ಕೆಲಸ, ವ್ಯಾಪಾರ ಹುಡುಕಿಕೊಂಡರು, ಅಲ್ಲಿ ಆ ಸಂಬಂಧಗಳು ಸಡಿಲವಾದವು. ನಮ್ಮಲ್ಲಿ ಹೇಮಾವತಿ ನಾಲೆ ಬಂದ ಊರಿನ ಪಕ್ಕದಲ್ಲೇ ಬಾರದ ಊರುಗಳಿವೆ. ಯಾರಾದರೂ ಮಾಡಲೇಬೇಕಾದ ಕೆಲಸ ಅದು. ಹೋಲಿಸುವಾಗ ಅಕ್ಕಪಕ್ಕದ ಊರುಗಳನ್ನೇ ಹೋಲಿಸಿ. ಕಡೂರಿಗೂ ಮೂಡಿಗೆರೆಗೂ ಮಳೆ, ಬೆಳೆ, ಜನ ಎಲ್ಲವೂ ಬೇರೆ, ಯಾವ ಕಾರಣಕ್ಕೆ ಏನಾಯಿತು ಅಂತ ಬಿಡಿಸುವುದಕ್ಕೇ ಆಗುವುದಿಲ್ಲ.

ನಮ್ಮವರ ಬಗ್ಗೆ ನಾನೇ ಬರೆದರೆ ಒಪ್ಪುತ್ತಾರಾ ಅಂತ ಕೇಳಿದ್ದೀರಿ. ಅಮೆರಿಕದ ಡು ಬೋಯಿಸ್ ಕಪ್ಪು ಜನಾಂಗದವರು. ಫಿಲಡೆಲ್ಫಿಯಾದ ಕಪ್ಪು ಜನರ ವಾರ್ಡಿನಲ್ಲಿ ಮನೆ ಮನೆ ಸುತ್ತಿ ಲೆಕ್ಕ ತೆಗೆದು 1899ರಲ್ಲಿ ಪ್ರಕಟಿಸಿದರು. ಇವತ್ತು ಅಂಕಿ ಅಂಶದ ಸಮಾಜಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿದೆ. ನಿಮ್ಮವರ ಬಗ್ಗೆ ನೀವು ಬರೆಯುವುದು ದೋಷವಲ್ಲ. ಆದರೆ ಹೇಗೆ ಲೆಕ್ಕ ತೆಗೆದಿರಿ ಅನ್ನುವುದನ್ನು ಪೂರ್ತಿ ತೆರೆದಿಡಬೇಕು. ಒಂದಷ್ಟು ಮನೆಗಳಿಗೆ ಇನ್ನೊಬ್ಬರನ್ನು ಕಳಿಸಿ ಅದೇ ಪ್ರಶ್ನೆ ಕೇಳಿಸಿ, ಎರಡೂ ಉತ್ತರ ತಾಳೆ ನೋಡಿ. ಒಂದು ಮಾತ್ರ ಬೇಡವೇ ಬೇಡ. ಅಪ್ಪ ಅಮ್ಮ ಕೆಲಸ ಮಾಡುವ ತೋಟದಲ್ಲಿ ಸಮೀಕ್ಷೆ ಮಾಡಬೇಡಿ. ಬೇರೆ ಹೋಬಳಿಗೆ ಹೋಗಿ. ಅವರ ಕೆಲಸ, ಅವರ ಮನೆ ಎರಡೂ ಒಬ್ಬರದೇ ಕೈಯಲ್ಲಿದೆ. ಯಾವ ಸಂಶೋಧನೆಯೂ ಅದಕ್ಕಿಂತ ದೊಡ್ಡದಲ್ಲ. ಮಾತಾಡಿದವರ ಹೆಸರು ತೆಗೆದರೂ ಸಾಲದು. ಹನ್ನೆರಡು ಮನೆಯ ಲೈನಿನಲ್ಲಿ 'ಗಂಡ ತೀರಿಹೋದ, ಮಗಳು ಬಿ.ಎ. ಓದಿದ ಹೆಂಗಸು' ಅಂತ ಬರೆದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಬದುಕಿನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಕಾಲೇಜಿನ ಕಾಯಂ ಕೆಲಸ ಬೇಗ ಸಿಗುವುದಿಲ್ಲ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರನ್ನು ನೋಡುತ್ತಲೇ ಇದ್ದೇನೆ. ಎಂ.ಎ. ಮುಗಿಯುವ ಹೊತ್ತಿಗೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಮತ್ತು ಕೆ-ಸೆಟ್ ಎರಡನ್ನೂ ಬರೆಯಿರಿ. ನೆಟ್ ಮೂಲಕ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಷಿಪ್ ಸಿಕ್ಕರೆ ಪಿಎಚ್.ಡಿ.ಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. 2023ರಲ್ಲಿ ಹೆಚ್ಚಿಸಿದ ಮೊತ್ತ ಇದು. ಮನೆಯಿಂದ ದುಡ್ಡು ಕೇಳದೆ ಓದಬಹುದು. ಪಿಎಚ್.ಡಿ.ಗೆ ಬೆಂಗಳೂರಿನ ಐಸೆಕ್‌ನಂಥ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆಗಳಿಗೂ ಅರ್ಜಿ ಹಾಕಿ, ಐಸೆಕ್ ಅನ್ನು 1972ರಲ್ಲಿ ಕಟ್ಟುವಾಗ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರ ಜೊತೆ ಶ್ರೀನಿವಾಸ್ ಅವರೂ ಇದ್ದರು. ಜನಸಂಖ್ಯೆ, ಆರೋಗ್ಯದ ದತ್ತಾಂಶದ ಮೇಲೆ ಆಸಕ್ತಿ ಇದ್ದರೆ ಮುಂಬೈನ ಐಐಪಿಎಸ್ ಅನ್ನುವ ಜನಸಂಖ್ಯಾ ಅಧ್ಯಯನ ಸಂಸ್ಥೆ ಇದೆ. ಅಂಕಿ ಅಂಶ ಬಲ್ಲ ಸಮಾಜಶಾಸ್ತ್ರದವರಿಗೆ ಕಾಲೇಜಿನ ಹೊರಗೂ ಬಾಗಿಲುಗಳಿವೆ: ಸಮೀಕ್ಷೆ ಸಂಸ್ಥೆಗಳು, ಸರ್ಕಾರದ ಯೋಜನೆಗಳ ಮೌಲ್ಯಮಾಪನ, ಶಿಕ್ಷಣ ಮತ್ತು ಆರೋಗ್ಯದ ಸ್ವಯಂಸೇವಾ ಸಂಸ್ಥೆಗಳು. ಬರೀ ಸಿದ್ಧಾಂತ ಓದಿದವರಿಗಿಂತ ನಿಮಗೆ ಅವಕಾಶ ಜಾಸ್ತಿ.

ಲೆಕ್ಕಕ್ಕೆ ಹತ್ತನೇ ತರಗತಿಯ ಪುಸ್ತಕ ಸಾಕು. ಶೇಕಡಾ, ಅನುಪಾತ, ಗ್ರಾಫು, ಸಂಭವನೀಯತೆ, ಇಷ್ಟನ್ನು ಮತ್ತೆ ಓದಿ. ಆಮೇಲೆ 'ಆರ್' ಅನ್ನುವ ಸಾಫ್ಟ್‌ವೇರ್ ಕಲಿಯಿರಿ. ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಮೊದಲ ಎರಡು ತಿಂಗಳು ಕಷ್ಟ ಅನಿಸುತ್ತದೆ. ಜೊತೆಗೆ ಒಬ್ಬರು ಕಲಿಯುವವರಿದ್ದರೆ ಸುಲಭ.

ನಿಮ್ಮ ಎಂ.ಎ. ಡಿಸರ್ಟೇಷನ್‌ಗೆ ಒಂದು ಕೆಲಸ ಹೇಳುತ್ತೇನೆ, ಇಷ್ಟವಾದರೆ ಮಾಡಿ. ಒಂದು ಗ್ರಾಮ ಪಂಚಾಯಿತಿ ಹಿಡಿಯಿರಿ. ನೀವೇ ನಡೆದು ಮನೆಗಳ ಪಟ್ಟಿ ಮಾಡಿ. ಊರು, ಕಾಲೊನಿ, ಲೈನ್ ಮೂರರಿಂದಲೂ ಪಟ್ಟಿಯಲ್ಲಿ ಇಂತಿಷ್ಟು ಮನೆ ಬಿಟ್ಟು ಒಂದು ಅಂತ ಆರಿಸಿ, ಒಟ್ಟು ನೂರಿಪ್ಪತ್ತು ಮನೆ ಸಾಕು. ಪ್ರತಿ ಮನೆಯಲ್ಲೂ ಅಜ್ಜಿ ಎಷ್ಟು ಓದಿದರು, ಅಮ್ಮ ಎಷ್ಟು, ಮಗಳು ಎಷ್ಟು ಅಂತ ಕೇಳಿ. ಅಡ್ಡ ಸಾಲಿನಲ್ಲಿ ಅಮ್ಮನ ಓದು, ಉದ್ದ ಸಾಲಿನಲ್ಲಿ ಮಗಳ ಓದು ಇಟ್ಟು ಒಂದು ಕೋಷ್ಟಕ ಮಾಡಿ. ಅಮ್ಮ ಶಾಲೆಗೇ ಹೋಗದೆ ಮಗಳು ಡಿಗ್ರಿ ಮುಟ್ಟಿದ ಮನೆಗಳು ಕೆಲವು ಇದ್ದೇ ಇರುತ್ತವೆ. ಆ ಮನೆಗಳಿಗೆ ಇನ್ನೊಮ್ಮೆ ಹೋಗಿ. ಫೀಸು ಯಾರು ಕಟ್ಟಿದರು, ಹಾಸ್ಟೆಲ್ ಸೀಟು ಹೇಗೆ ಸಿಕ್ಕಿತು, ಮದುವೆ ಮುಂದಕ್ಕೆ ಹಾಕಲು ಮನೆಯಲ್ಲಿ ಯಾರು ಗಟ್ಟಿಯಾಗಿ ನಿಂತರು ಅಂತ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಅದೇ ಲೈನಿನಲ್ಲಿ, ಅಷ್ಟೇ ಕೂಲಿಯಲ್ಲಿ ಮಗಳು ಏಳನೇ ತರಗತಿಗೆ ಬಿಟ್ಟ ಮನೆಗೂ ಹೋಗಿ ಅದೇ ಪ್ರಶ್ನೆಗಳನ್ನೇ ಕೇಳಿ. ಮಳೆ ನಿಂತ ಕೂಡಲೇ ಶುರು ಮಾಡಿ, ಕೊಯ್ಲಿಗೆ ಮೊದಲು ಮುಗಿಸಿಕೊಳ್ಳಿ. ಡಿಸೆಂಬರ್ ಬಂತು ಅಂದರೆ ಹಗಲು ಹೊತ್ತು ಲೈನಿನಲ್ಲಿ ಮಾತಿಗೆ ಯಾರೂ ಸಿಗುವುದಿಲ್ಲ.